ಕೈ ಬೆಚ್ಚಗಾಗುವವರೆಗೆ ಸೂಜಿ ಹಿಡಿಯುವುದಿಲ್ಲ

ಮಡಿಕೇರಿಯ ಒಂದು ಲ್ಯಾಬಿನಲ್ಲಿ ರಕ್ತ ತೆಗೆಯುವುದು, ಪರೀಕ್ಷೆ ಮಾಡುವುದು ನನ್ನ ಕೆಲಸ. ಮನೆ ಇರುವುದು ಕುಶಾಲನಗರದಲ್ಲಿ. ನಡುವೆ ಸುಮಾರು 30 ಕಿಲೋಮೀಟರ್. ಬೆಳಿಗ್ಗೆ ಏಳಕ್ಕೆ ಕೌಂಟರ್ ತೆರೆಯಬೇಕು, ಯಾಕೆಂದರೆ ಶುಗರ್ ಪರೀಕ್ಷೆಗೆ ಬರುವವರು ರಾತ್ರಿ ಊಟ ಮಾಡಿ ಮಲಗಿದವರು, ಒಂದು ಲೋಟ ಕಾಫಿ ಕೂಡ ಕುಡಿಯದೆ ಬಂದು ಬೆಂಚಿನ ಮೇಲೆ ಕೂತಿರುತ್ತಾರೆ. ಅವರನ್ನು ಕಾಯಿಸಬಾರದು. ಹಾಗಾಗಿ ಒಂಬತ್ತು ವರ್ಷದಿಂದ ಬೆಳಿಗ್ಗೆ ಆರಕ್ಕೆಲ್ಲ ಬೈಕ್ ಹೊರಗೆ ತೆಗೆಯುತ್ತೇನೆ. ಡಿಸೆಂಬರಿನಲ್ಲಿ ಆ ಹೊತ್ತಿಗೆ ಇನ್ನೂ ಕತ್ತಲೆ.

ನನ್ನ ಕೆಲಸದ ಬಗ್ಗೆ ನಾನು ಕಲಿತ ಅತಿ ದೊಡ್ಡ ಪಾಠ ಲ್ಯಾಬಿನೊಳಗೆ ಸಿಕ್ಕಿದ್ದಲ್ಲ, ಈ ದಾರಿಯಲ್ಲಿ ಸಿಕ್ಕಿದ್ದು. ಅದನ್ನು ಹೇಳಬೇಕೆಂದರೆ ಮೊದಲು ನಾನು ಮಾಡಿದ ತಪ್ಪನ್ನು ಹೇಳಬೇಕು.

ಕೆಲಸಕ್ಕೆ ಸೇರಿದ ಎರಡನೇ ಚಳಿಗಾಲ. ಹುತ್ತರಿ ಹಬ್ಬ ಕಳೆದಿತ್ತು, ತೋಟಗಳಲ್ಲಿ ಕಾಫಿ ಕೊಯ್ಲು ಶುರುವಾಗಿತ್ತು. ಆವತ್ತು ಮನೆ ಬಿಡುವುದೇ ಹತ್ತು ನಿಮಿಷ ತಡವಾಯಿತು. ತಡವಾದದ್ದನ್ನು ದಾರಿಯಲ್ಲಿ ಸರಿದೂಗಿಸಲು ಹೋದೆ. ಕೈಯಲ್ಲಿ ಉಣ್ಣೆಯ ಗ್ಲೌಸ್ ಇತ್ತು, ಅದರ ಹೆಣಿಗೆಯ ಸಂದಿಯಿಂದ ಗಾಳಿ ನೇರವಾಗಿ ಒಳಗೆ ನುಗ್ಗುತ್ತಿತ್ತು. ಬೋಯಿಕೇರಿ ದಾಟುವಾಗ ಕ್ಲಚ್ ಒತ್ತಿದ್ದೇನೋ ಇಲ್ಲವೋ ಎಂದು ಬೆರಳಿಗೇ ಗೊತ್ತಾಗುತ್ತಿರಲಿಲ್ಲ. ಏಳಕ್ಕೆ ಎರಡು ನಿಮಿಷ ಇರುವಾಗ ಲ್ಯಾಬ್ ಮುಟ್ಟಿದೆ. ಕೈ ತೊಳೆದು, ಪರೀಕ್ಷೆಯ ಗ್ಲೌಸ್ ಹಾಕಿಕೊಂಡು ಸೀದಾ ಕೂತುಬಿಟ್ಟೆ.

ಮೊದಲು ಬಂದವರು ತೋಟದ ಲೈನ್‌ಮನೆಯ, ಅಂದರೆ ಕೂಲಿಯವರ ಸಾಲುಮನೆಯ, ಒಬ್ಬ ಅಮ್ಮ. ಅರವತ್ತು ದಾಟಿದ ವಯಸ್ಸು. ಆ ದಿನದ ಕೂಲಿ ಬಿಟ್ಟು ಬಂದಿದ್ದರು. ಕೊಯ್ಲಿನ ಕಾಲದಲ್ಲಿ ಒಂದು ದಿನದ ಕೂಲಿ ಬಿಡುವುದೆಂದರೆ ಏನೆಂದು ಇಲ್ಲಿಯವರಿಗೆ ಹೇಳಬೇಕಾಗಿಲ್ಲ. ತೋಳಿಗೆ ಟೂರ್ನಿಕೆಟ್ ಪಟ್ಟಿ ಬಿಗಿಯಾಗಿ ಕಟ್ಟಿ ಮೊಣಕೈ ಮಡಿಕೆಯಲ್ಲಿ ನರ ಹುಡುಕಿದೆ. ರಕ್ತನಾಳಕ್ಕೆ ನಾವೆಲ್ಲ ನರ ಅಂತಲೇ ಹೇಳುವುದು. ನರವನ್ನು ಕಣ್ಣಿನಿಂದ ಹುಡುಕುವುದಿಲ್ಲ, ತೋರುಬೆರಳ ತುದಿಯಿಂದ ಹುಡುಕುತ್ತೇವೆ. ಒತ್ತಿದರೆ ಸಣ್ಣ ರಬ್ಬರ್ ಕೊಳವೆಯ ಹಾಗೆ ಕೆಳಗೆ ಹೋಗಿ ಮತ್ತೆ ಪುಟಿಯಬೇಕು. ನನ್ನ ಬೆರಳಿಗೆ ಆವತ್ತು ಏನೂ ತಿಳಿಯಲಿಲ್ಲ. ಇಲ್ಲಿರಬಹುದು ಎಂಬ ಅಂದಾಜಿನ ಮೇಲೆ ಚುಚ್ಚಿದೆ, ರಕ್ತ ಬರಲಿಲ್ಲ. ಸೂಜಿ ಸ್ವಲ್ಪ ಹಿಂದೆಳೆದು ಓರೆ ಮಾಡಿದೆ, ಆಗಲೂ ಇಲ್ಲ. ಇನ್ನೊಂದು ತೋಳಿಗೆ ಚುಚ್ಚಿದೆ. ನಾಲ್ಕು ಹನಿ ಬಂದು ನಿಂತುಹೋಯಿತು, ಚರ್ಮದಡಿ ರಕ್ತ ಇಳಿದು ನೋಡುನೋಡುತ್ತಲೇ ನೀಲಿಯಾಗಿ ಊದಿಕೊಂಡಿತು.

ಅವರು ಒಂದು ಮಾತೂ ಬೈಯಲಿಲ್ಲ. ನನ್ನ ಕೈಯನ್ನು ತಮ್ಮೆರಡು ಕೈಯಲ್ಲಿ ಹಿಡಿದುಕೊಂಡು, "ಎಷ್ಟು ತಣ್ಣಗಿದೆ ಮಗಾ. ಮೊದಲು ಬೆಂಕಿ ಕಾಯಿಸ್ಕೊಂಡು ಬಾ" ಅಂದರು.

ಒಬ್ಬರಿಗೆ ಎರಡು ಸಲ ಚುಚ್ಚಿದರೂ ಸಿಗದಿದ್ದರೆ ಅದೇ ವ್ಯಕ್ತಿ ಮೂರನೇ ಸಲ ಚುಚ್ಚಬಾರದು, ಬೇರೆಯವರನ್ನು ಕರೆಯಬೇಕು ಎಂಬುದು ನಮ್ಮ ಕೆಲಸದ ನಿಯಮ. ಹಿರಿಯ ಸಹೋದ್ಯೋಗಿಯೊಬ್ಬರು ಬಂದರು. ಆ ಅಮ್ಮನ ಕೈಗೆ ಬಿಸಿ ನೀರಿನಲ್ಲಿ ಹಿಂಡಿದ ಬಟ್ಟೆ ಸುತ್ತಿ ಮೂರ್ನಾಲ್ಕು ನಿಮಿಷ ಬಿಟ್ಟು, ಒಂದೇ ಚುಚ್ಚಿಗೆ ತೆಗೆದರು. ಚಳಿಗೆ ಚರ್ಮದ ಹತ್ತಿರದ ನರಗಳು ಕುಗ್ಗುತ್ತವೆ, ಶಾಖ ಕೊಟ್ಟರೆ ಹಿಗ್ಗುತ್ತವೆ. ಇದನ್ನು ನಾನೂ ಓದಿ ಪರೀಕ್ಷೆ ಬರೆದವನೇ. ರೋಗಿಯ ಕೈಗೆ ಅನ್ವಯಿಸುವ ಮಾತು ನನ್ನ ಕೈಗೂ ಅನ್ವಯಿಸುತ್ತದೆ ಎಂದು ಮಾತ್ರ ಹೊಳೆದಿರಲಿಲ್ಲ. ಆ ನೀಲಿ ಕಲೆ ಆಮೇಲೆ ಎಷ್ಟೋ ದಿನ ನನ್ನ ಕಣ್ಣ ಮುಂದೆಯೇ ಇತ್ತು. ಅದೇ ತೋಳಿನಲ್ಲಿ ಅವರು ಮರುದಿನ ಕಾಫಿ ಗಿಡ ಬಗ್ಗಿಸಿ ಹಣ್ಣು ಕೊಯ್ಯಬೇಕಿತ್ತು.

ಅಲ್ಲಿಂದ ಮೇಲೆ ಬೈಕ್ ಓಡಿಸುವುದನ್ನೂ ಕೆಲಸದ ಭಾಗ ಎಂದೇ ನೋಡತೊಡಗಿದೆ. ಮೊದಲು ಗ್ಲೌಸಿನಲ್ಲೇ ತಪ್ಪು ಮಾಡಿದೆ. ಲ್ಯಾಬಿನಲ್ಲಿ ರಾಶಿ ಇರುವ, ರಬ್ಬರಿನಂಥ ತೆಳು ನೈಟ್ರೈಲ್ ಗ್ಲೌಸನ್ನು ಉಣ್ಣೆಯದರ ಒಳಗೆ ಹಾಕಿದೆ, ಗಾಳಿ ತಡೆಯುತ್ತದಲ್ಲ ಎಂದು. ಸುಂಟಿಕೊಪ್ಪದವರೆಗೆ ಹಾಯಾಗಿತ್ತು. ಆಮೇಲೆ ಒಳಗೆಲ್ಲ ಬೆವರು. ಬೆವರಿದ ಕೈ ಒಣ ಕೈಗಿಂತ ಬೇಗ ತಣ್ಣಗಾಗುತ್ತದೆ. ಲ್ಯಾಬಿನಲ್ಲಿ ಬಿಚ್ಚಿದಾಗ ಬೆರಳ ತುದಿಗಳು ಬಟ್ಟೆ ಒಗೆದವರ ಕೈಯ ಹಾಗೆ ಸುಕ್ಕುಗಟ್ಟಿದ್ದವು. ಗಾಳಿ ತಡೆಯುವ ಪದರ ಹೊರಗಿರಬೇಕು, ಬೆಚ್ಚನೆಯ ಪದರ ಒಳಗಿರಬೇಕು. ಈಗ ಗಾಳಿ ತೂರದ ಬೈಕ್ ಗ್ಲೌಸು, ಒಳಗೆ ತೆಳು ಹತ್ತಿಯದು. ಗ್ಲೌಸು ಬಿಗಿಯಾಗಿರಬಾರದು, ಬೆರಳು ಅಲ್ಲಾಡಲು ಜಾಗ ಬೇಕು.

ಇದಕ್ಕಿಂತ ದೊಡ್ಡ ವಿಷಯ ಎದೆಯದು. ಎದೆ, ಹೊಟ್ಟೆ ತಣ್ಣಗಾದರೆ ದೇಹ ಮೊದಲು ಒಳಗಿನ ಅಂಗಗಳನ್ನು ಕಾಪಾಡಿಕೊಳ್ಳುತ್ತದೆ, ಬೆರಳಿಗೆ ಹೋಗುವ ರಕ್ತ ಕಡಿಮೆಯಾಗುತ್ತದೆ. ಎಂಥ ಗ್ಲೌಸ್ ಹಾಕಿದರೂ ಆಗ ಪ್ರಯೋಜನವಿಲ್ಲ. ಅದಕ್ಕೇ ಮಳೆಗಾಲ ಮುಗಿದರೂ ನಾನು ರೇನ್‌ಕೋಟನ್ನು ಅಟ್ಟಕ್ಕೆ ಹಾಕುವುದಿಲ್ಲ. ಸ್ವೆಟರಿನ ಮೇಲೆ ಅದೇ ಕೋಟು. ಜೋರು ಮಳೆಯನ್ನೇ ತಡೆಯುವ ಕೋಟು ಗಾಳಿಯನ್ನು ತಡೆಯದೆ ಇರುತ್ತದೆಯೇ? ಇಲ್ಲಿ ಡಿಸೆಂಬರ್, ಜನವರಿಯ ಕೆಲವು ಬೆಳಿಗ್ಗೆ 10 ಡಿಗ್ರಿಯವರೆಗೂ ಇಳಿಯುತ್ತದೆ. ಆ ಚಳಿಯಲ್ಲಿ ಗಂಟೆಗೆ 50 ಕಿ.ಮೀ. ವೇಗದ ಗಾಳಿ ಮೈಗೆ ಬಡಿದರೆ, ಹವಾಮಾನದವರ ಲೆಕ್ಕದಲ್ಲಿ ಅದು 5-6 ಡಿಗ್ರಿ ಚಳಿಗೆ ಸಮ. ವೇಗ 40ಕ್ಕೆ ಇಳಿಸಿದರೆ ಚಳಿಯೂ ಸ್ವಲ್ಪ ಇಳಿಯುತ್ತದೆ, ಬ್ರೇಕ್ ಹಿಡಿಯಲು ಸಮಯವೂ ಸಿಗುತ್ತದೆ.

ಬ್ರೇಕಿನ ಮಾತು ಯಾಕೆ ಬಂತೆಂದರೆ, ಚಳಿಗಾಲ ಅಂದಕೂಡಲೇ ರಸ್ತೆ ಒಣಗಿರುತ್ತದೆ ಎಂದು ಹೊರಗಿನವರು ಅಂದುಕೊಳ್ಳುತ್ತಾರೆ. ತೋಟದ ನಡುವಿನ ತಿರುವುಗಳಲ್ಲಿ ಸಿಲ್ವರ್ ಓಕ್ ಎಲೆಗಳಿಂದ ರಾತ್ರಿಯಿಡೀ ಇಬ್ಬನಿ ತೊಟ್ಟಿಕ್ಕಿ, ಮರದ ಕೆಳಗಿನ ಅಷ್ಟು ರಸ್ತೆ ಮಾತ್ರ ಒದ್ದೆಯಾಗಿರುತ್ತದೆ. ಮಳೆಗಾಲದ ಪಾಚಿ ಅಂಚಿನಲ್ಲಿ ಇನ್ನೂ ಹೋಗಿರುವುದಿಲ್ಲ. ಒಳರಸ್ತೆಗಳಲ್ಲಿ ಟ್ರ್ಯಾಕ್ಟರ್ ಚಕ್ರದಿಂದ ಉದುರಿದ ಗದ್ದೆಯ ಮಣ್ಣು, ಒಕ್ಕಣೆ ಮಾಡಿದ ಹುಲ್ಲು, ಪಿಕಪ್‌ನಿಂದ ಚೆಲ್ಲಿದ ಕಾಫಿ ಹಣ್ಣು. ಹಣ್ಣಿನ ಮೇಲೆ ಚಕ್ರ ಹತ್ತಿದರೆ ಸಿಪ್ಪೆಯೊಳಗಿನ ಲೋಳೆ ಹೊರಬಂದು ಎಣ್ಣೆ ಸುರಿದ ಹಾಗೆ ಜಾರುತ್ತದೆ. ಟಯರಿನ ಗಾಳಿಯನ್ನೂ ನೋಡಿಕೊಳ್ಳಬೇಕು. ಉಷ್ಣಾಂಶ 5-6 ಡಿಗ್ರಿ ಇಳಿದರೆ ಒತ್ತಡ ಸುಮಾರು ಒಂದು ಪಿಎಸ್‌ಐ (ಟಯರಿನ ಗಾಳಿ ಅಳೆಯುವ ಮಾನ) ಇಳಿಯುತ್ತದೆ.

ಮಂಜಿನ ವಿಷಯ ಇಲ್ಲಿಯವರಿಗೆ ಗೊತ್ತಿರುವುದೇ, ಒಂದೇ ಮಾತು ಹೇಳುತ್ತೇನೆ. ದಟ್ಟ ಮಂಜಿನಲ್ಲಿ ಹೈ ಬೀಮ್ ಹಾಕಿದರೆ ಬೆಳಕು ಮಂಜಿನ ಹನಿಗೆ ತಾಗಿ ನಮ್ಮ ಕಣ್ಣಿಗೇ ವಾಪಸ್ ಬರುತ್ತದೆ. ಡಿಮ್ ಹಾಕಿ, ರಸ್ತೆ ಅಂಚಿನ ಬಿಳಿ ಗೆರೆ ನೋಡಿಕೊಂಡು ಹೋಗಿ. ಕೆಲವು ದಿನ ಕಾವೇರಿ ದಂಡೆಯ ಕುಶಾಲನಗರದಲ್ಲಿ ಹತ್ತು ಅಡಿ ಮುಂದೆ ಕಾಣುವುದಿಲ್ಲ, ಮೇಲೆ ಮಡಿಕೇರಿಯಲ್ಲಿ ಆಕಾಶ ತಿಳಿಯಾಗಿ ಬೆಟ್ಟದ ಸಾಲು ಕಾಣುತ್ತಿರುತ್ತದೆ. ಗದ್ದೆ ಬಯಲಿನ ತಗ್ಗು ಬಂದಾಗಲೆಲ್ಲ ಚಳಿ ಒಮ್ಮೆಗೇ ಏರುತ್ತದೆ, ತಣ್ಣನೆಯ ಗಾಳಿ ಭಾರ, ತಗ್ಗಿನಲ್ಲೇ ನಿಲ್ಲುತ್ತದೆ. ಅಂಥ ಕಡೆಯಲ್ಲಿ ಬೆರಳುಗಳನ್ನು ಒಂದೊಂದಾಗಿ ಮಡಚಿ ಬಿಡಿಸುವುದು ನನಗೆ ಈಗ ಅಭ್ಯಾಸವಾಗಿದೆ.

ಸುಂಟಿಕೊಪ್ಪದಲ್ಲಿ ಎರಡು ನಿಮಿಷ ನಿಲ್ಲಿಸಿ ಎಂಜಿನ್ ಪಕ್ಕ ಅಂಗೈ ಹಿಡಿಯುತ್ತೇನೆ, ಮುಟ್ಟುವುದಿಲ್ಲ. ಮರಗಟ್ಟಿದ ಬೆರಳಿಗೆ ಸುಡುವುದೇ ತಿಳಿಯುವುದಿಲ್ಲ. ಲ್ಯಾಬಿಗೆ ಬಂದ ಮೇಲೂ ಅಷ್ಟೇ, ಕುದಿಯುವ ನೀರಿನಲ್ಲಿ ಕೈ ಅದ್ದುವುದಿಲ್ಲ. ಉಗುರು ಬೆಚ್ಚಗಿನ ನೀರು, ಆಮೇಲೆ ಸ್ಟೀಲ್ ಲೋಟದಲ್ಲಿ ಬಿಸಿ ಕಾಫಿ. ಕುಡಿಯುವುದಕ್ಕಿಂತ ಹೆಚ್ಚು ಹೊತ್ತು ಅದನ್ನು ಹಿಡಿದುಕೊಂಡಿರುತ್ತೇನೆ. ತೋರುಬೆರಳಿನಿಂದ ನನ್ನದೇ ಮಣಿಕಟ್ಟಿನ ನಾಡಿ ಮುಟ್ಟಿ ನೋಡುತ್ತೇನೆ. ಬಡಿತ ಸ್ಪಷ್ಟವಾಗಿ ತಿಳಿದರೆ ಮಾತ್ರ ಕೂರುವುದು. ಇದಕ್ಕೆ ಹತ್ತು ನಿಮಿಷ ಬೇಕು. ಆ ಹತ್ತು ನಿಮಿಷಕ್ಕಾಗಿ ನವೆಂಬರಿನಿಂದ ಫೆಬ್ರವರಿವರೆಗೆ ಮನೆಯನ್ನು ಐದೂ ಮುಕ್ಕಾಲಕ್ಕೇ ಬಿಡುತ್ತೇನೆ.

ಕಳೆದ ಜನವರಿಯಲ್ಲಿ ಒಂದು ದಿನ ಆನೆಕಾಡಿನ ಹತ್ತಿರ ಮುಂದಿನ ಬಸ್ಸು ನಿಂತಿತು. ರಸ್ತೆ ಬದಿಯಲ್ಲಿ ಎರಡು ಆನೆ, ಒಂದು ಮರಿ. ಅಂಥ ಹೊತ್ತಿನಲ್ಲಿ ಹಾರ್ನ್ ಹಾಕಬಾರದು, ಬೈಕಿನವರು ಮುಂದೆ ನುಗ್ಗಬಾರದು. ಬಸ್ಸಿನ ಹಿಂದೆಯೇ ನಿಂತೆ. ಸಹೋದ್ಯೋಗಿಗೆ ಫೋನ್ ಮಾಡಿ ತಡವಾಗುತ್ತದೆ, ಬಂದವರಿಗೆ ಹೇಳಿಬಿಡಿ ಅಂದೆ. ಆವತ್ತು ಅವರೊಬ್ಬರೇ ಕೌಂಟರಿನಲ್ಲಿದ್ದರು, ರಕ್ತ ತೆಗೆಯುವವನು ನಾನೊಬ್ಬನೇ. ಲ್ಯಾಬ್ ಮುಟ್ಟಿದಾಗ ಏಳೂ ಮೂವತ್ತೈದು. ಬೆಂಚಿನ ಮೇಲೆ ಏಳು ಜನ, ಎಲ್ಲರೂ ಖಾಲಿ ಹೊಟ್ಟೆ.

ಕೈ ಮರಗಟ್ಟಿತ್ತು. ಸೀದಾ ಕೂತುಬಿಡು ಎಂದು ಮನಸ್ಸು ಹೇಳಿತು. ಅವರ ಮುಂದೆ ಹೋಗಿ ನಿಂತು, "ಆನೆಕಾಡಲ್ಲಿ ಆನೆ ಬಂದು ತಡ ಆಯ್ತು, ಕ್ಷಮಿಸಿ. ಕೈ ತಣ್ಣಗಿದೆ. ಹೀಗೇ ಚುಚ್ಚಿದರೆ ನಿಮಗೇ ನೋವು. ಇನ್ನು ಹತ್ತು ನಿಮಿಷ ಕೊಡಿ" ಅಂದೆ. ಒಬ್ಬರು ಗಡಿಯಾರ ನೋಡಿ ಗೊಣಗಿದರು. ಇನ್ನೊಬ್ಬರು ಎದ್ದು ಬಾಗಿಲವರೆಗೆ ಹೋಗಿ ಬಂದರು. ನಾನು ಒಳಗೆ ಬಿಸಿ ಲೋಟ ಹಿಡಿದು ನಿಂತಿದ್ದೆ. ಆ ಹತ್ತು ನಿಮಿಷ ನನಗೆ ಒಂದು ಗಂಟೆಯಂತೆ ಇತ್ತು. ನಾಡಿ ಸಿಕ್ಕ ಮೇಲೆ, ಇನ್ಸುಲಿನ್ ತೆಗೆದುಕೊಳ್ಳುವ ಹಿರಿಯರೊಬ್ಬರನ್ನು ಮೊದಲು ಕರೆದೆ. ಹೆಚ್ಚು ಹೊತ್ತು ಉಪವಾಸ ಇದ್ದರೆ ಅವರಿಗೆ ಶುಗರ್ ಇಳಿಯುವ ಭಯ ಇರುತ್ತದೆ. ಏಳು ಜನಕ್ಕೂ ಒಂದೊಂದೇ ಚುಚ್ಚು ಸಾಕಾಯಿತು. ಎಂಟೂವರೆಯ ಹೊತ್ತಿಗೆ ಕೊನೆಯವರು ತೋಳಿನ ಹತ್ತಿ ಒತ್ತಿಕೊಂಡು ತಿಂಡಿಗೆ ಎದ್ದು ಹೋದರು.