ತಗಡಿನ ಜಾಗಕ್ಕೆ ತಗಡೇ ಬರಬೇಕು

ಪ್ರೀಮಿಯರ್ ಪದ್ಮಿನಿಯ ಬಾಗಿಲುಗಳ ಕೆಳಗೆ, ಮುಂದಿನ ಚಕ್ರದಿಂದ ಹಿಂದಿನ ಚಕ್ರದವರೆಗೆ ಒಂದು ಟೊಳ್ಳು ಪಟ್ಟಿ ಇದೆ. ಗ್ಯಾರೇಜಿನವರು ಅದನ್ನು ರನ್ನಿಂಗ್ ಬೋರ್ಡ್ ಎನ್ನುತ್ತಾರೆ. ಹತ್ತಿ ಇಳಿಯುವಾಗ ಕಾಲು ತಾಗುವ ಅಂಚು ಎಂಬುದರಾಚೆಗೆ ಅದರ ಬಗ್ಗೆ ಯಾರೂ ತಲೆ ಕೆಡಿಸಿಕೊಳ್ಳುವುದಿಲ್ಲ. ಆದರೆ ಲಾರಿಗೋ ಹಳೆಯ ಜೀಪಿಗೋ ಇರುವಂತೆ ಪದ್ಮಿನಿಗೆ ಬೇರೆ ಚಾಸಿ, ಅಂದರೆ ಕೆಳಗಿನಿಂದ ಭಾರ ಹೊರುವ ಚೌಕಟ್ಟು, ಇಲ್ಲ. ತಗಡಿನ ಮೈಯೇ ಎಂಜಿನ್ನಿನಿಂದ ಹಿಡಿದು ಕುಳಿತವರವರೆಗೆ ಎಲ್ಲ ಭಾರವನ್ನೂ ಹೊರುತ್ತದೆ. ಆ ಭಾರದ ದೊಡ್ಡ ಪಾಲು ಈ ಟೊಳ್ಳು ಪಟ್ಟಿಯ ಮೇಲೆ ಬೀಳುತ್ತದೆ.

ನನ್ನದು 1975ರ ಗಾಡಿ. ಮುಂಬೈಯ ಕುರ್ಲಾದ ಕಾರ್ಖಾನೆಯಲ್ಲಿ ಫಿಯೆಟ್ 1100 ಡಿಲೈಟ್ ಎಂದು ತಯಾರಾಗುತ್ತಿದ್ದ ಕಾರಿಗೆ ಪದ್ಮಿನಿ ಎಂಬ ಹೆಸರು ಬಂದು ಆಗಿನ್ನೂ ಹೆಚ್ಚು ಕಾಲವಾಗಿರಲಿಲ್ಲ. 1089 ಸಿಸಿ ಎಂಜಿನ್, ಸ್ಟಿಯರಿಂಗ್ ಪಕ್ಕದಲ್ಲೇ ಗೇರು. ಮೈಸೂರಿನ ನಮ್ಮ ಮನೆಗೆ ಬರುವ ಮೊದಲು ಅದರ ಆಯುಷ್ಯದ ಬಹುಪಾಲು ಕುಂದಾಪುರದ ಕಡೆಯ ಉಪ್ಪುಗಾಳಿಯಲ್ಲಿ ಕಳೆದಿತ್ತು. ಹೊರಗೆ ಬಣ್ಣ ಥಳಥಳ ಹೊಳೆಯುತ್ತಿತ್ತು. ಬಟ್ಟೆ ಸುತ್ತಿದ ಅಯಸ್ಕಾಂತವನ್ನು ಮೈಮೇಲೆ ಆಡಿಸಿದೆ. ಛಾವಣಿಯಲ್ಲಿ ಟಕ್ಕೆಂದು ಅಂಟಿಕೊಂಡಿತು, ಬಾಗಿಲಿಗೂ ಅಂಟಿತು. ಎಡಗಡೆಯ ರನ್ನಿಂಗ್ ಬೋರ್ಡಿನ ಮೇಲಿಟ್ಟಾಗ ಜಾರಿ ನೆಲಕ್ಕೆ ಬಿತ್ತು. ಅಲ್ಲಿ ಕಬ್ಬಿಣವೇ ಇರಲಿಲ್ಲ, ಬಣ್ಣದ ಕೆಳಗೆ ಬರೀ ಪುಟ್ಟಿ.

ತೋರಿಸಿದ ಕಡೆಯೆಲ್ಲ ಒಂದೇ ಮಾತು: ಇನ್ನೊಂದು ಸಲ ಪುಟ್ಟಿ ಹಾಕಿ ಬಣ್ಣ ಹೊಡೆದರೆ ಐದು ವರ್ಷ ಯೋಚನೆ ಇಲ್ಲ. ಈ ಸಲಹೆಯ ಮೇಲೆ ನನಗೆ ಇಂದಿಗೂ ಸಿಟ್ಟಿದೆ. ಪುಟ್ಟಿ ಇರುವುದು ತಗಡಿನ ಮೇಲಿನ ಸಣ್ಣ ತಗ್ಗನ್ನು ಮುಚ್ಚುವುದಕ್ಕೆ, ತಗಡೇ ಇಲ್ಲದ ಕಡೆ ತಗಡಾಗುವುದಕ್ಕಲ್ಲ. ಅಪಘಾತವಾದರೆ ಅದು ಒಳಗಿರುವವರನ್ನು ಕಾಯುವುದಿಲ್ಲ. ನೀರನ್ನು ಒಳಗೇ ಹಿಡಿದಿಟ್ಟು ಉಳಿದ ಲೋಹವನ್ನೂ ತಿನ್ನಿಸುತ್ತದೆ.

ಕೊನೆಗೆ ನಾನೇ ಕಲಿಯುವುದೆಂದು ತೀರ್ಮಾನಿಸಿ ಬನ್ನಿಮಂಟಪದ ಕಡೆಯ ಒಬ್ಬ ಹಿರಿಯ ಟಿಂಕರ್ ಮೇಸ್ತ್ರಿಯನ್ನು, ಅಂದರೆ ಗಾಡಿಯ ತಗಡಿನ ಕೆಲಸದವರನ್ನು, ಕೇಳಿಕೊಂಡೆ. ಕಾರ್ಬೈಡ್ ಗ್ಯಾಸಿನ ಕಾಲದಲ್ಲಿ, ಹುಡುಗನಾಗಿದ್ದಾಗಲೇ ಕೈಗೆ ಬೆಸುಗೆಯ ಟಾರ್ಚು ಹಿಡಿದವರು. ಗುಜರಿಯಿಂದ ಒಂದು ಹಳೆಯ ಬಾನೆಟ್ಟು ತರಿಸಿ, "ಮೊದಲು ಇದನ್ನು ಹಾಳು ಮಾಡಿ ಸರ್, ಆಮೇಲೆ ನಿಮ್ಮ ಕಾರು ಮುಟ್ಟಿ" ಎಂದರು. ಬಾನೆಟ್ಟಿನ ತುಂಡುಗಳನ್ನು ಜೋಡಿಸಿ ಬೆಸೆಯುವುದು, ವೈಸಿಗೆ ಸಿಕ್ಕಿಸಿ ಬಗ್ಗಿಸುವುದು. ಬೆಸುಗೆ ಬಿಟ್ಟುಕೊಂಡರೆ ಮತ್ತೆ ಮೊದಲಿನಿಂದ. ಬೆಸುಗೆ ನಿಂತು ಪಕ್ಕದ ತಗಡು ಹರಿದರೆ ಪಾಸು. ಹಲವು ಭಾನುವಾರಗಳು ಹೀಗೆಯೇ ಹೋದವು.

ರನ್ನಿಂಗ್ ಬೋರ್ಡನ್ನು ನಿಜವಾಗಿ ಕತ್ತರಿಸಿದ ದಿನದ ಅರ್ಧ ಭಾಗ ತಯಾರಿಯಲ್ಲೇ ಹೋಯಿತು. ಬ್ಯಾಟರಿ ಬಿಚ್ಚಿದೆವು, ಪೆಟ್ರೋಲ್ ಟ್ಯಾಂಕನ್ನು ಇಳಿಸಿ ದೂರ ಇಟ್ಟೆವು, ಸೀಟು, ಮ್ಯಾಟು, ಅದರಡಿಯ ಡಾಂಬರಿನ ಪದರ ಎಲ್ಲವನ್ನೂ ತೆಗೆದೆವು. ಡಾಂಬರಿಗೆ ಕಿಡಿ ಹತ್ತಿದರೆ ಹೊಗೆಯಾಡುತ್ತಾ ಒಳಗೊಳಗೇ ಉರಿಯುತ್ತದೆ, ಹೆಲ್ಮೆಟ್ ಹಾಕಿಕೊಂಡು ಬಗ್ಗಿದವನಿಗೆ ಅದು ಕಾಣುವುದೇ ಇಲ್ಲ. ಪಕ್ಕದಲ್ಲಿ ನೀರಿನ ಬಕೆಟ್ಟು, ಒದ್ದೆ ಗೋಣಿಚೀಲ. ಗಾಡಿಯನ್ನು ಸ್ಟ್ಯಾಂಡುಗಳ ಮೇಲೆ ಸಮತಟ್ಟಾಗಿ ನಿಲ್ಲಿಸಿ, ಬಾಗಿಲ ಚೌಕಟ್ಟಿನೊಳಗೆ ಚೌಕ ಪೈಪನ್ನು ಅಡ್ಡಲಾಗಿ ಬೆಸೆದು, ಮೂಲೆಯಿಂದ ಮೂಲೆಗೆ ಅಳತೆ ಬರೆದಿಟ್ಟುಕೊಂಡೆವು. ಈ ಆಧಾರವಿಲ್ಲದೆ ಪಟ್ಟಿ ಕತ್ತರಿಸಿದರೆ ಗಾಡಿ ನಡುವಿನಲ್ಲಿ ಕುಸಿಯುತ್ತದೆ. ಆ ಕುಸಿತವನ್ನೇ ಬೆಸೆದು ಗಟ್ಟಿ ಮಾಡಿದರೆ ಬಾಗಿಲು ಮತ್ತೆಂದೂ ಸರಿಯಾಗಿ ಮುಚ್ಚಿಕೊಳ್ಳುವುದಿಲ್ಲ.

ಗ್ರೈಂಡರ್ ಆಡಿಸಿದಾಗ ಮೊದಲು ಗುಲಾಬಿ ಬಣ್ಣದ ಪುಟ್ಟಿಯ ಹುಡಿ ಎದ್ದಿತು. ಅದರಡಿ ಫೈಬರ್ ಬಟ್ಟೆ, ಅದರಡಿ ಉಂಡೆ ಮಾಡಿ ತುರುಕಿದ್ದ ಕನ್ನಡ ದಿನಪತ್ರಿಕೆ. ಬಿಡಿಸಿದರೆ ಅಕ್ಕಿಯ ಧಾರಣೆ ಇದ್ದ ಒಂದು ಮೂಲೆ ಮಾತ್ರ ಓದುವಂತಿತ್ತು. ಒಳಗಿನ ಪದರಗಳು ಚೂರುಚೂರಾಗಿ ಉದುರಿದವು. ಇಡೀ ಕೇಡಿನ ಮೂಲ ತಳದಲ್ಲಿತ್ತು. ನೀರು ಇಳಿದುಹೋಗಲು ಕಾರ್ಖಾನೆಯಲ್ಲೇ ಬಿಟ್ಟಿದ್ದ ರಂಧ್ರಗಳು ಕೆಸರಿನಿಂದ ಕಟ್ಟಿಕೊಂಡಿದ್ದವು. ಎಷ್ಟೋ ಮಳೆಗಾಲಗಳ ನೀರು ಒಳಗೇ ನಿಂತು, ತುಕ್ಕು ಒಳಗಿನಿಂದ ಹೊರಕ್ಕೆ ಬಂದಿತ್ತು. ಹೊರಗೆ ಬಣ್ಣ ಗುಳ್ಳೆ ಎದ್ದು ಕಾಣುವ ಹೊತ್ತಿಗೆ ತಗಡಿನ ಕಥೆ ಮುಗಿದಿರುತ್ತದೆ. ಹಳೆಯ ಕಾರು ಇಟ್ಟುಕೊಂಡವರು ಒಂದು ತಂತಿ ತೆಗೆದುಕೊಂಡು ಆ ರಂಧ್ರಗಳನ್ನು ಇಂದೇ ಚುಚ್ಚಿ ನೋಡಿದರೆ ನನಗೆ ಬಹಳ ಸಂತೋಷ.

ಹೊಸ ಪಟ್ಟಿಗೆ 20 ಗೇಜಿನ ತಗಡು, ಅಂದರೆ ಸುಮಾರು 0.9 ಮಿ.ಮೀ. ದಪ್ಪ. ಸತು ಬಳಿದ ತಗಡು ತುಕ್ಕು ಹಿಡಿಯದಲ್ಲ, ಅದನ್ನೇ ತರಲೇ ಎಂದು ಕೇಳಿದ್ದಕ್ಕೆ ಮೇಸ್ತ್ರಿ ಬೇಡವೆಂದು ತಲೆಯಾಡಿಸಿದರು. ಬೆಸುಗೆಯ ಶಾಖಕ್ಕೆ ಸತು ಆವಿಯಾಗುತ್ತದೆ; ಆ ಹೊಗೆ ಕುಡಿದವರಿಗೆ ರಾತ್ರಿ ಚಳಿಜ್ವರ ಬರುತ್ತದೆ. ಮೊದಲು ರಟ್ಟಿನಲ್ಲಿ ಅಚ್ಚು ಕತ್ತರಿಸಿ, ಅದನ್ನು ತಗಡಿನ ಮೇಲಿಟ್ಟು ಗುರುತು ಹಾಕಿ, ಕೋನ ಕಬ್ಬಿಣಗಳ ನಡುವೆ ಹಿಡಿದು ಸುತ್ತಿಗೆಯಿಂದ ಮಡಿಸಿದೆವು. ಕೂರಿಸುವುದು, ತೆಗೆಯುವುದು, ಎಳೆಯಷ್ಟು ಉಜ್ಜುವುದು, ಮತ್ತೆ ಕೂರಿಸುವುದು. ಈ ಹೊಂದಿಸುವ ಕೆಲಸವೇ ನಿಜವಾದ ಬೆಸುಗೆ ಎಂದು ನನಗೆ ಆ ದಿನ ಮನವರಿಕೆಯಾಯಿತು. ಸಂದು ಎಲ್ಲ ಕಡೆ ಒಂದೇ ಸಮ ಇದ್ದರೆ ಯಂತ್ರ ಹಿಡಿದ ಕೈಗೆ ಹೆಚ್ಚು ಕೆಲಸವೇ ಇರುವುದಿಲ್ಲ.

ನನ್ನದು ಮನೆಯ ಕರೆಂಟಿಗೆ ನಡೆಯುವ ಚಿಕ್ಕ ಮಿಗ್ ಯಂತ್ರ, 0.8 ಮಿ.ಮೀ. ತಂತಿ. ಯಂತ್ರ ತಂತಿಯನ್ನು ತಾನೇ ತಳ್ಳುತ್ತಾ ಕರೆಂಟಿನ ಕಿಡಿಯಲ್ಲಿ ಕರಗಿಸುತ್ತದೆ; ಬೆಸುಗೆಗೆ ಗಾಳಿ ತಾಗದಂತೆ ಸುತ್ತಲೂ ಗ್ಯಾಸು ಬಿಡುತ್ತದೆ. ಸೆಖೆಯೆಂದು ಫ್ಯಾನ್ ಹಾಕುವಂತಿಲ್ಲ. ಗಾಳಿಗೆ ಗ್ಯಾಸು ಚದುರಿ ಬೆಸುಗೆಯ ತುಂಬ ಸಣ್ಣ ಸಣ್ಣ ತೂತು ಬೀಳುತ್ತದೆ. ಹೆಲ್ಮೆಟ್ಟಿನ ಕಪ್ಪು ಗಾಜಿನೊಳಗಿಂದ ಕಾಣುವುದು ಕಡಲೆಕಾಳಿನಷ್ಟು ಕರಗಿದ ಕಬ್ಬಿಣ ಮಾತ್ರ. ಅದು ಎರಡೂ ಅಂಚುಗಳನ್ನು ಕಚ್ಚಿದ ಕ್ಷಣಕ್ಕೆ ಗುಂಡಿ ಬಿಡಬೇಕು. ಇನ್ನೊಂದು ಗಳಿಗೆ ಒತ್ತಿದರೆ ತಗಡು ತೂತಾಗುತ್ತದೆ. ಸದ್ದು ಒಂದೇ ಸಮನೆ ಚರಚರ ಎನ್ನುತ್ತಿದ್ದರೆ ಎಲ್ಲ ಸರಿಯಾಗಿದೆ ಎಂದರ್ಥ.

ಉದ್ದಕ್ಕೆ ಗೆರೆ ಎಳೆದಂತೆ ಬೆಸೆಯುವ ಹಾಗಿಲ್ಲ. ಕಾದ ತಗಡು ಹಿಗ್ಗಿ, ಆರುವಾಗ ಕುಗ್ಗಿ, ಸುತ್ತಲಿನ ಮೈಯನ್ನೆಲ್ಲ ಎಳೆದು ಸುಕ್ಕು ಮಾಡುತ್ತದೆ. ಅದಕ್ಕೇ ಇಲ್ಲೊಂದು ಚುಕ್ಕೆ, ಆ ತುದಿಯಲ್ಲೊಂದು, ಆಮೇಲೆ ನಡುವೆ ಒಂದು. ಎಷ್ಟು ಹೊತ್ತು ಕಾಯಬೇಕು ಎಂದು ಕೇಳಿದರೆ ಮೇಸ್ತ್ರಿ, "ಅಂಗೈ ಇಡಿ. ಕೈ ನಿಂತರೆ ಮುಂದಿನದು ಹಾಕಿ" ಎಂದರು. ಒಂದೊಂದು ಚುಕ್ಕೆಗೂ ಕೈ ಇಟ್ಟು ನೋಡುತ್ತಾ ಹೋದೆವು. ಮಡಿಕೆಯ ಅಂಚಿನಲ್ಲಿ ಕಾರ್ಖಾನೆಯವರು ಸ್ಪಾಟ್ ವೆಲ್ಡ್ ಮಾಡಿದ್ದ, ಅಂದರೆ ಎರಡು ತಗಡುಗಳನ್ನು ಒತ್ತಿ ಚುಕ್ಕೆಚುಕ್ಕೆಯಾಗಿ ಬೆಸೆದಿದ್ದ ಕಡೆ ಮೇಲಿನ ತಗಡಿಗೆ ರಂಧ್ರ ಕೊರೆದು, ಅದರ ಮೂಲಕ ಕೆಳಗಿನದಕ್ಕೆ ಬೆಸುಗೆ ತುಂಬಿದೆವು.

ಸಂಜೆ ಅಡ್ಡ ಪೈಪನ್ನು ಕತ್ತರಿಸಿ ತೆಗೆದು, ಗಾಡಿಯನ್ನು ಚಕ್ರಗಳ ಮೇಲೆ ಇಳಿಸಿ ಅಳತೆ ಹಿಡಿದೆವು. ಬೆಳಿಗ್ಗೆ ಬರೆದಿಟ್ಟಿದ್ದ ಅಂಕಿಗಳೇ ಬಂದವು. ಬಾಗಿಲು ತಳ್ಳಿದರೆ ತಡೆಯಿಲ್ಲದೆ ಮುಚ್ಚಿಕೊಂಡಿತು. ನನಗೆ ಆದ ಹಿಗ್ಗನ್ನು ಮುಚ್ಚಿಡುವುದು ಸಾಧ್ಯವಾಗಲಿಲ್ಲ. ಮನೆಯವರನ್ನೆಲ್ಲ ಕರೆದು ಬಾಗಿಲು ಹಾಕಿಸಿ ತೆಗೆಸಿದೆ.

ಮೇಸ್ತ್ರಿಗೆ ಮಾತ್ರ ಒಂದು ತಕರಾರು ಉಳಿದಿತ್ತು. ಬೆಸುಗೆಯ ಮೇಲೆ ಸುತ್ತಿಗೆಯಿಂದ ಒಂದೆರಡು ಏಟು ಹಾಕಿ, "ಇದು ಗಡಸು, ಸುತ್ತಿಗೆಯ ಮಾತು ಕೇಳುವುದಿಲ್ಲ" ಎಂದರು. ಅದು ನಿಜ. ಗ್ಯಾಸಿನ ಉರಿಯಲ್ಲಿ ಮಾಡಿದ ಬೆಸುಗೆ ಮೆದುವಾಗಿರುತ್ತದೆ. ಹಿಂದೆ ಡಾಲಿ ಎಂಬ ಕಬ್ಬಿಣದ ಗಟ್ಟಿ ಹಿಡಿದು ಮುಂದೆ ಬಡಿದರೆ ಹಿಗ್ಗಿ, ಸುಕ್ಕೆಲ್ಲ ಹೋಗಿ ಪುಟ್ಟಿಯ ಹಂಗಿಲ್ಲದೆ ನಯವಾಗುತ್ತದೆ. ಕಣ್ಣಿಗೆ ಬೀಳದ ರನ್ನಿಂಗ್ ಬೋರ್ಡಿನ ತಳಕ್ಕೆ ಮಿಗ್ ಸಾಕು, ಆದರೆ ಚಕ್ರದ ಮೇಲಿನ ಫೆಂಡರಿನ ಉಬ್ಬಿಗೆ ಗ್ಯಾಸೇ ಆಗಬೇಕು ಎಂಬುದು ಅವರ ಪಟ್ಟು. ನಾನು ಒಪ್ಪಿದ್ದೇನೆ. ಸಿಲಿಂಡರುಗಳನ್ನು ಇಡುವಷ್ಟು ಜಾಗ ನಮ್ಮ ಶೆಡ್ಡಿನಲ್ಲಿ ಇಲ್ಲದ ಕಾರಣ ಮುಂದಿನ ಪಾಠ ಅವರ ಗ್ಯಾರೇಜಿನಲ್ಲೇ. ಅಷ್ಟರೊಳಗೆ ಹೊಸ ಪಟ್ಟಿಯ ಒಳಮೈಗೆ ಮೇಣ ಸಿಂಪಡಿಸಿ, ನೀರಿಳಿಯುವ ರಂಧ್ರಗಳು ತೆರೆದೇ ಇವೆಯೇ ಎಂದು ಮತ್ತೊಮ್ಮೆ ನೋಡಿ ಮುಗಿಸಬೇಕು.