ಬರೀ ಓದುವ ಎಪಿಐಗೆ ಅಷ್ಟೊಂದು ಏನು ಬರೀತೀರಿ?

ನ್ಯೂಯಾರ್ಕ್ ನಗರದ ಕಟ್ಟಡ ಕಾಮಗಾರಿ ದಾಖಲೆಗಳನ್ನು ಎಳೆದುಕೊಡುವ ಟೂಲ್ ಒಂದಕ್ಕೆ ಡಾಕ್ಯುಮೆಂಟೇಶನ್ ಬರೆಯುವುದು ನನ್ನ ಕೆಲಸ. ಆ ಟೂಲ್ ನಗರದ ಎಪಿಐಯನ್ನು, ಅಂದರೆ ಒಂದು ಪ್ರೋಗ್ರಾಂ ಇನ್ನೊಂದರಿಂದ ಡೇಟಾ ಕೇಳುವ ದಾರಿಯನ್ನು, ಬಳಸುತ್ತದೆ. ಏನನ್ನೂ ಬದಲಿಸುವುದಿಲ್ಲ, ಅಳಿಸುವುದಿಲ್ಲ, ಓದುತ್ತದೆ ಅಷ್ಟೇ. ಇಷ್ಟು ಹೇಳಿದರೆ ಸಾಕು, ಡೆವಲಪರ್ ಆಗಲಿ ಮ್ಯಾನೇಜರ್ ಆಗಲಿ ತಪ್ಪದೆ ಕೇಳುತ್ತಾರೆ: “ಬರೀ ಗೆಟ್ ರಿಕ್ವೆಸ್ಟ್, ಡೇಟಾ ಕೇಳೋದು ತಾನೇ? ಅದಕ್ಕೆ ಅಷ್ಟುದ್ದ ಬರೆಯೋಕೆ ಏನಿರುತ್ತೆ ಮಾರಾಯ್ರೇ?”

ಬರೆಯುವ ಎಪಿಐಯಲ್ಲಿ ಎಡವಟ್ಟಾದರೆ ಸಾಮಾನ್ಯವಾಗಿ ಗೊತ್ತಾಗಿಬಿಡುತ್ತದೆ. ಎರರ್ ಬರುತ್ತದೆ, ಇಲ್ಲವೇ ಯಾರದೋ ದಾಖಲೆ ಕೆಟ್ಟು ಫೋನ್ ಬರುತ್ತದೆ. ಓದುವ ಎಪಿಐ ತಪ್ಪು ಪ್ರಶ್ನೆಗೂ 200 ಓಕೆ, ಅಂದರೆ ಎಲ್ಲ ಸರಿ, ಎಂದು ಹೇಳಿ, ಚೆಂದದ ಜೇಸನ್ (ಡೇಟಾ ತುಂಬಿದ ಪಠ್ಯ) ಕೈಗಿಟ್ಟು ಸುಮ್ಮನಾಗುತ್ತದೆ. ಆ ಉತ್ತರ ಯಾವುದೋ ವರದಿಯ ಗ್ರಾಫ್ ಆಗಿ ಕೂತ ಮೇಲೆ ಅದನ್ನು ಯಾರೂ ತಿರುಗಿ ನೋಡುವುದಿಲ್ಲ.

ಹಿನ್ನೆಲೆ ಚಿಕ್ಕದಾಗಿ ಹೇಳುತ್ತೇನೆ. ಕಟ್ಟಡದ ಪರ್ಮಿಟ್‌ಗಳನ್ನು ಕೊಡುವುದು ನಗರದ ಡಿಪಾರ್ಟ್‌ಮೆಂಟ್ ಆಫ್ ಬಿಲ್ಡಿಂಗ್ಸ್, ಅಲ್ಲಿಯವರ ಬಾಯಲ್ಲಿ ಡಿಒಬಿ. 2012ರ ಲೋಕಲ್ ಲಾ 11ರ ಪ್ರಕಾರ ನಗರದ ಇಲಾಖೆಗಳು ತಮ್ಮ ಸಾರ್ವಜನಿಕ ಡೇಟಾವನ್ನು ಓಪನ್ ಡೇಟಾ ಪೋರ್ಟಲ್‌ಗೆ ಹಾಕಬೇಕು. (ಅಲ್ಲಿನ ಕಂಟ್ರಾಕ್ಟರ್‌ಗಳ ಮುಂದೆ “ಲೋಕಲ್ ಲಾ 11” ಅಂದರೆ ಅವರಿಗೆ ಹೊಳೆಯುವುದು 1998ರದ್ದು, ಎತ್ತರದ ಕಟ್ಟಡಗಳ ಹೊರಗೋಡೆ ತಪಾಸಣೆಯ ಕಾಯ್ದೆ. ಇದು ಬೇರೆ.) ಪೋರ್ಟಲ್ ನಡೆಯುವುದು ಸೊಕ್ರಾಟಾ ಎಂಬ ಪ್ಲಾಟ್‌ಫಾರ್ಮ್ ಮೇಲೆ. ಲಾಗಿನ್ ಬೇಕಿಲ್ಲ, ಯಾರು ಬೇಕಾದರೂ ಕೇಳಬಹುದು.

ಕೇಳಿ ನೋಡಿ. ಬ್ರೂಕ್ಲಿನ್‌ನ ಪರ್ಮಿಟ್‌ಗಳೆಲ್ಲ ಬೇಕು ಎಂದು ಕೇಳಿದರೆ 1000 ಸಾಲು ಬರುತ್ತವೆ. ಲಿಮಿಟ್ ಎಷ್ಟೆಂದು ನೀವು ಹೇಳದಿದ್ದರೆ ಈ ಎಪಿಐ ಕೊಡುವುದೇ ಅಷ್ಟು. “ಇನ್ನೂ ಇದೆ” ಎಂಬ ಸೂಚನೆ ಆ ಜೇಸನ್‌ನಲ್ಲಿ ಎಲ್ಲೂ ಇರುವುದಿಲ್ಲ. ಸರಿ, ಆಫ್‌ಸೆಟ್ (ಎಷ್ಟು ಸಾಲು ಬಿಟ್ಟು ಮುಂದಿನದು ಬೇಕೆಂಬ ಸಂಖ್ಯೆ) ಕೊಟ್ಟು ಪುಟ ಪುಟವಾಗಿ ತೆಗೆಯುತ್ತೀರಿ ಅಂದುಕೊಳ್ಳಿ. ಯಾವ ಕ್ರಮದಲ್ಲಿ ಬೇಕೆಂದು ಹೇಳದಿದ್ದರೆ ಕ್ರಮಕ್ಕೆ ಖಾತ್ರಿ ಇಲ್ಲ, ಒಂದು ಸಾಲು ಎರಡು ಸಲ ಬಂದು ಇನ್ನೊಂದು ಬಿಟ್ಟುಹೋಗಬಹುದು. ಅದಕ್ಕೇ ಡಾಕ್ಯುಮೆಂಟ್‌ನ ಪ್ರತಿ ಉದಾಹರಣೆಯಲ್ಲೂ ಆರ್ಡರ್ ಪ್ಯಾರಾಮೀಟರ್ ಇಟ್ಟಿದ್ದೇನೆ. ಜನ ವಿವರಣೆ ಓದುವುದಿಲ್ಲ, ಉದಾಹರಣೆಯನ್ನು ಕಾಪಿ ಮಾಡುತ್ತಾರೆ.

ಇನ್ನೊಂದು ಕಿರಿಕಿರಿ ಖಾಲಿ ಫೀಲ್ಡ್‌ಗಳದ್ದು. ಒಂದು ದಾಖಲೆಯಲ್ಲಿ ಮಾಲೀಕನ ಹೆಸರು ಖಾಲಿ ಇದ್ದರೆ ಆ ಫೀಲ್ಡ್ ‘ನಲ್’ (ಖಾಲಿ) ಎಂದು ಬರುವುದಿಲ್ಲ, ಫೀಲ್ಡೇ ಬರುವುದಿಲ್ಲ. ಮೊದಲ ಸಾಲು ನೋಡಿ ಕಾಲಂಗಳನ್ನು ತೀರ್ಮಾನಿಸುವ ಸ್ಕ್ರಿಪ್ಟ್ ಅಲ್ಲಿಗೆ ಮುಗಿಯಿತು.

ಇವೆಲ್ಲ ಎಪಿಐಯ ತಾಪತ್ರಯ. ಸೊಕ್ರಾಟಾ ಬಲ್ಲವರಿಗೆ ಗೊತ್ತಿರುವಂಥದ್ದೇ. ಹೆಚ್ಚು ಪುಟ ತಿನ್ನುವುದು ದಾಖಲೆಗಳ ಒಳಗಿನ ವಿಚಾರ.

ಬಿಐಎನ್ (ಬಿಲ್ಡಿಂಗ್ ಐಡೆಂಟಿಫಿಕೇಶನ್ ನಂಬರ್, ಬಾಯಲ್ಲಿ ‘ಬಿನ್’) ಎಂಬ ಫೀಲ್ಡ್ ನೋಡಿ. ಪ್ರತಿ ಕಟ್ಟಡಕ್ಕೂ ನಗರ ಕೊಟ್ಟಿರುವ ಏಳಂಕಿಯ ಗುರುತು ಅದು. ಮೊದಲ ಅಂಕಿ ‘ಬರೋ’ ಯಾವುದೆಂದು ಹೇಳುತ್ತದೆ (ನಗರದ ಐದು ಆಡಳಿತ ಭಾಗಗಳಿಗೆ ಹಾಗೆನ್ನುತ್ತಾರೆ): 1 ಮ್ಯಾನ್‌ಹಟನ್, 2 ಬ್ರಾಂಕ್ಸ್, 3 ಬ್ರೂಕ್ಲಿನ್, 4 ಕ್ವೀನ್ಸ್, 5 ಸ್ಟೇಟನ್ ಐಲ್ಯಾಂಡ್. ಹಾಗಾದರೆ 3000000 ಯಾವ ಕಟ್ಟಡ? ಯಾವುದೂ ಅಲ್ಲ. ಬ್ರೂಕ್ಲಿನ್‌ನ ಯಾವ ಕಟ್ಟಡವೆಂದು ಗೊತ್ತು ಮಾಡಲಾಗದಿದ್ದಾಗ ತುಂಬುವ ನಂಬರ್ ಅದು, ‘ಮಿಲಿಯನ್ ಬಿನ್’ ಅನ್ನುತ್ತಾರೆ. ಇದು ತಿಳಿಯದೆ ಬಿಐಎನ್ ಪ್ರಕಾರ ಗುಂಪು ಮಾಡಿದರೆ, ಒಂದಕ್ಕೊಂದು ಸಂಬಂಧವಿಲ್ಲದ ಸೈಟುಗಳೆಲ್ಲ ಒಂದೇ ಕಟ್ಟಡವಾಗಿ ಪಟ್ಟಿಗೆ ಬರುತ್ತವೆ. ಸ್ಕೀಮಾದಿಂದ (ಫೀಲ್ಡುಗಳ ಹೆಸರು, ಬಗೆಯ ಪಟ್ಟಿಯಿಂದ) ತಾನಾಗಿ ಹುಟ್ಟಿಸಿದ ಡಾಕ್ಯುಮೆಂಟ್ ಇದನ್ನು ಹೇಳುವುದಿಲ್ಲ. ಬಿಐಎನ್, ಟೈಪ್ ಟೆಕ್ಸ್ಟ್: ಅದಕ್ಕೆ ಗೊತ್ತಿರುವುದು ಅಷ್ಟೇ.

ಜಾಗದ ಗುರುತು ಬಿಬಿಎಲ್, ಹತ್ತಂಕಿ. ಎಂಪೈರ್ ಸ್ಟೇಟ್ ಬಿಲ್ಡಿಂಗ್‌ನದ್ದು 1008350041, ಅಂದರೆ ಬರೋ 1, ಬ್ಲಾಕ್ 00835, ಲಾಟ್ 0041. ಬಿಡಿಸಿಟ್ಟ ಬ್ಲಾಕ್ ಮತ್ತು ಲಾಟ್‌ಗಳನ್ನು ಎಕ್ಸೆಲ್‌ನಲ್ಲಿ ತೆರೆದಿರೋ, ಮುಂದಿನ ಸೊನ್ನೆಗಳು ಹೋದವು. ಮತ್ತೆ ಜೋಡಿಸಿದರೆ 183541. ಯಾವುದಕ್ಕೂ ಹೊಂದದ ನಂಬರ್, ಫಲಿತಾಂಶ ಖಾಲಿ. ಖಾಲಿ ಅಂದರೆ “ಇಲ್ಲಿ ಕಾಮಗಾರಿ ನಡೆದಿಲ್ಲ” ಎಂದು ಓದುವವರೇ ಹೆಚ್ಚು.

ಅದಕ್ಕಿಂತ ದೊಡ್ಡದು ಎಣಿಕೆಯ ವಿಷಯ. ಒಂದು ಸಾಲು ಅಂದರೆ ಒಂದು ಪರ್ಮಿಟ್, ಒಂದು ಕಟ್ಟಡವಲ್ಲ. ಪ್ಲಂಬಿಂಗ್‌ಗೆ ಬೇರೆ, ಸ್ಕ್ಯಾಫೋಲ್ಡಿಂಗ್‌ಗೆ ಬೇರೆ. ಪರ್ಮಿಟ್‌ಗೆ ಅವಧಿ ಇರುತ್ತದೆ, ಕೆಲಸ ಎಳೆದರೆ ನವೀಕರಿಸಬೇಕು, ನವೀಕರಣವೂ ಇನ್ನೊಂದು ಸಾಲು. ಹಾಗಾಗಿ ಕುಂಟುತ್ತಾ ಸಾಗಿದ ಒಂದು ಕಾಮಗಾರಿ ಬೇಗ ಮುಗಿದ ನಾಲ್ಕರಷ್ಟು ಸಾಲು ತುಂಬಬಹುದು. ಆ ಸಾಲುಗಳನ್ನು ಎಣಿಸಿ “ಈ ಏರಿಯಾದಲ್ಲಿ ನಿರ್ಮಾಣದ ಭರಾಟೆ” ಎಂದು ಬರೆದರೆ ಏನನ್ನೋಣ! ಪರ್ಮಿಟ್ ಸಿಕ್ಕಿತು ಎಂದ ಮಾತ್ರಕ್ಕೆ ಗುದ್ದಲಿ ಬಿತ್ತು ಎಂದೂ ಅಲ್ಲ.

ಮತ್ತೆ ದಾಖಲೆಗಳಿಗೇ ಎರಡು ಮನೆ. ಡಿಒಬಿಯ ಹಳೆಯ ಕಂಪ್ಯೂಟರ್ ವ್ಯವಸ್ಥೆ ಬಿಐಎಸ್‌ನದ್ದು ಒಂದು ಡೇಟಾಸೆಟ್, ಅದರ ಜಾಗಕ್ಕೆ ಹಂತ ಹಂತವಾಗಿ ಬಂದ ಡಿಒಬಿ ನೌ ವ್ಯವಸ್ಥೆಯದ್ದು ಇನ್ನೊಂದು. ಜಾಬ್ (ಕಾಮಗಾರಿ) ನಂಬರ್‌ನ ರೂಪವೇ ಬೇರೆ: ಹಳೆಯದು ಒಂಬತ್ತು ಅಂಕಿ, ಹೊಸದು ಬರೋದ ಅಕ್ಷರದಿಂದ ಶುರು. ಒಂದರಲ್ಲೇ ಹುಡುಕಿದವರಿಗೆ ಕಟ್ಟಡದ ಅರ್ಧ ಚರಿತ್ರೆ ಸಿಗುತ್ತದೆ, ಉಳಿದರ್ಧ ಇದೆ ಎಂಬ ಸುಳಿವೂ ಸಿಗುವುದಿಲ್ಲ.

ಈಗ ಇಂಥ ಟೂಲ್‌ಗಳನ್ನು ಕರೆಯುವವರಲ್ಲಿ ಎಐ ಮಾಡೆಲ್‌ಗಳೂ ಸೇರಿವೆ. ಅವು ಟೂಲ್‌ಗಳ ಜೊತೆ ಮಾತಾಡುವ ರೀತಿಯನ್ನು ಗೊತ್ತುಮಾಡಲು 2024ರ ನವೆಂಬರ್‌ನಲ್ಲಿ ಬಂದ ಮಾಡೆಲ್ ಕಾಂಟೆಕ್ಸ್ಟ್ ಪ್ರೋಟೊಕಾಲ್‌ನಲ್ಲಿ, ಟೂಲ್ ಬರೀ ಓದುವಂಥದ್ದು ಎಂದು ಸೂಚಿಸಲು ಒಂದು ಗುರುತು ಇದೆ. ಅದು ಸುಳಿವು ಮಾತ್ರ, ಖಾತ್ರಿ ಅಲ್ಲ ಎಂದು ಆ ಪ್ರೋಟೊಕಾಲ್ ತಾನೇ ಹೇಳುತ್ತದೆ. ನನಗೆ ಅದಕ್ಕಿಂತ ತಲೆಬಿಸಿ ಬೇರೆ: ಅನುಮಾನ ಬಂದ ಮನುಷ್ಯ ಪಕ್ಕದ ಸೀಟಿನವರನ್ನು ಕೇಳುತ್ತಾನೆ, ಮಾಡೆಲ್ 1000 ಸಾಲು ಎಣಿಸಿ “ಬ್ರೂಕ್ಲಿನ್‌ನಲ್ಲಿ ಒಟ್ಟು 1000 ಪರ್ಮಿಟ್‌ಗಳಿವೆ” ಎಂದು ಸಲೀಸಾಗಿ ಬರೆದುಬಿಡಬಹುದು. ಅದಕ್ಕೇ ಲಿಮಿಟ್, ಮಿಲಿಯನ್ ಬಿನ್, ಎರಡು ಡೇಟಾಸೆಟ್, ಈ ಮೂರನ್ನೂ ಟೂಲ್‌ನ ಚುಟುಕು ವಿವರಣೆಯಲ್ಲೇ ತುರುಕಿದ್ದೇನೆ. ಉದ್ದವಾಯಿತು, ಕೆಳಗೆ ಹಾಕಿ ಎಂದು ಟೀಮ್‌ನವರು ಗೊಣಗುತ್ತಾರೆ. ಎಂಡ್‌ಪಾಯಿಂಟ್‌ಗಳ (ಎಪಿಐಯನ್ನು ಕರೆಯುವ ವಿಳಾಸಗಳ) ಪಟ್ಟಿಯನ್ನು ಬೇಕಾದರೆ ಕೆಳಗೆ ತಳ್ಳಿ ಅಂದಿದ್ದೇನೆ.