‘ಬರೀ ಮೈ ಸುದ್ದಿನೇ ಯಾಕ್ರಿ?’

ಕಲಬುರಗಿಯ ಕಾಲೇಜೊಂದರಲ್ಲಿ ಪಾಠ ಮಾಡುವ ನನಗೆ ಈ ಪ್ರಶ್ನೆ ತಪ್ಪಿದ್ದಲ್ಲ: ‘ಮೇಡಮ್, ಹೆಣ್ಮಕ್ಳು ಬರ್ದಿದ್ರಾಗ ಬರೀ ಮೈ ಸುದ್ದಿನೇ ಯಾಕ ಇರ್ತದ್ರಿ? ದೇಶ, ಸ್ವಾತಂತ್ರ್ಯ ಏನೂ ಇಲ್ಲೇನು?’ ಕೇಳುವವರಲ್ಲಿ ವಿದ್ಯಾರ್ಥಿಗಳಿಗಿಂತ ಸಹೋದ್ಯೋಗಿಗಳೇ ಜಾಸ್ತಿ.

ಇದೆ. ಮೈಯ ಸುದ್ದಿಯಲ್ಲೇ ಇದೆ. ನಮ್ಮ ಭಾಗದ್ದೇ ಲೆಕ್ಕ ಹಿಡಿಯಿರಿ. ನಿಜಾಮನ ಆಳ್ವಿಕೆ ಮುಗಿದದ್ದು 1948ರ ಸೆಪ್ಟೆಂಬರ್ 17ಕ್ಕೆ. ಹುಡುಗಿಯರನ್ನು ದೇವರ ಹೆಸರಲ್ಲಿ ಬಿಡುವುದನ್ನು ನಿಷೇಧಿಸಿ ರಾಜ್ಯ ಕಾನೂನು ಮಾಡಿದ್ದು 1982ರಲ್ಲಿ. ನಡುವಿನ 34 ವರ್ಷ ಆ ಹುಡುಗಿಗೆ ಯಾವ ಸ್ವಾತಂತ್ರ್ಯ ಬಂದಿತ್ತು?

ನೈಜೀರಿಯಾದ ಬುಚಿ ಎಮೆಚೆಟಾ 1979ರಲ್ಲಿ ತಂದ ‘ದ ಜಾಯ್ಸ್ ಆಫ್ ಮದರ್‌ಹುಡ್’ ಕಾದಂಬರಿಯಲ್ಲಿ ನ್ನು ಈಗೊ ಎಂಬಾಕೆಯ ಗಂಡ ಲಾಗೋಸಿನಲ್ಲಿ ಬಿಳಿಯರ ಮನೆಯ ಬಟ್ಟೆ ಒಗೆಯುತ್ತಾನೆ, ದೊರೆಸಾನಿಯ ಒಳಬಟ್ಟೆ ಸಮೇತ. ಅಲ್ಲಿ ತಲೆ ತಗ್ಗಿಸಿ ನಿಲ್ಲುವವನು ಮನೆಗೆ ಬಂದರೆ ಯಜಮಾನ. ಅಣ್ಣ ಸತ್ತಾಗ ಅತ್ತಿಗೆ ಅಡಾಕು ಆಸ್ತಿಯ ಹಾಗೆ ಅವನ ಪಾಲಿಗೆ ಬರುತ್ತಾಳೆ. ವಸಾಹತು ಕಸಿದುಕೊಂಡ ಮಾನವನ್ನು ಗಂಡಸು ವಸೂಲಿ ಮಾಡುವುದು ಹೆಂಡತಿಯ ಮೈಯಿಂದ. ಮಕ್ಕಳೇ ಭಾಗ್ಯ ಎಂದು ಹೆತ್ತು ಹೆತ್ತು ಸವೆದ ನ್ನು ಈಗೊ ದಾರಿ ಬದಿಯಲ್ಲಿ ಒಂಟಿಯಾಗಿ ಸಾಯುತ್ತಾಳೆ. ಆಮೇಲೆ ಅವಳ ಹೆಸರಲ್ಲಿ ಗುಡಿ! ಮಕ್ಕಳಿಲ್ಲದವರು ಬೇಡಿಕೊಂಡರೆ ಅವಳು ಮಾತ್ರ ಯಾರಿಗೂ ಕೊಡುವುದಿಲ್ಲ. ಹಟಮಾರಿ ದೇವತೆ. ನನಗೆ ಬಹಳ ಇಷ್ಟ.

ಬಂಗಾಳದ ಮಹಾಶ್ವೇತಾ ದೇವಿಯವರ ‘ದ್ರೌಪದಿ’ ಕತೆಯ ಸಂತಾಲ ಬುಡಕಟ್ಟಿನ ಹೆಣ್ಣು ದೋಪ್ದಿ, ಸೇನೆಯವರ ಕೈಸೆರೆಯಲ್ಲಿ ನಡೆದ ಅತ್ಯಾಚಾರದ ಮರುದಿನ ಬಟ್ಟೆ ಉಡಲು ಒಪ್ಪದೆ ಸೇನಾನಾಯಕನೆದುರು ಬೆತ್ತಲೆ ನಿಲ್ಲುತ್ತಾಳೆ, ನಿರಾಯುಧಳ ಮುಂದೆ ಅವನೇ ಹೆದರುತ್ತಾನೆ. ಇದನ್ನು ವಿಮೋಚನೆ ಎಂದು ಸೆಮಿನಾರುಗಳಲ್ಲಿ ಕೊಂಡಾಡುವಾಗ ನನಗೆ ಇರುಸುಮುರುಸು. ಪ್ರತಿಭಟನೆ ಹೌದು, ಆದರೆ ಅವಳಿನ್ನೂ ಅವರ ಕೈಸೆರೆ. ನನಗೆ ವಿಮೋಚನೆ ಕಾಣುವುದು ಅಡಾಕುವಿನಲ್ಲಿ. ಬರೀ ಹೆಣ್ಣು ಹೆತ್ತವಳೆಂದು ಕೀಳಾಗಿ ಕಂಡ ಮನೆಯನ್ನು ಬಿಟ್ಟು, ತನ್ನ ವ್ಯಾಪಾರದ ದುಡ್ಡಿನಲ್ಲಿ ಆ ಹೆಣ್ಣುಮಕ್ಕಳನ್ನೇ ಓದಿಸಲು ಹೊರಡುತ್ತಾಳೆ. ಊರವರು ಆಡಿಕೊಂಡರೂ ಲೆಕ್ಕಕ್ಕಿಲ್ಲ.

‘ಹಂಗಾರ ಮೊದಲು ಯಾವುದು ಓದ್ಲಿ?’ ಎಂದರೆ, ಆಫ್ರಿಕಾ, ಬಂಗಾಳ ಆಮೇಲೆ. ನಮ್ಮ ಸಾವಳಗಿಯಲ್ಲಿ ಹುಟ್ಟಿದ ಗೀತಾ ನಾಗಭೂಷಣ ಅವರ ‘ಬದುಕು’ ತಗೊಳ್ಳಿ. 2004ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂದ ಕಾದಂಬರಿ. ಮಾತೆಲ್ಲಾ ನಮ್ಮ ಕಡೆಯದೇ, ಯಾರೂ ಬಿಡಿಸಿ ಹೇಳಬೇಕಿಲ್ಲ.